ಸ್ಪೀಕರ್ ಗುಂಡಿ ಒತ್ತುತ್ತಾ ಐದು ವರ್ಷ: ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ಬಳಸಿದ ಅನುಭವ

ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಐದು ವರ್ಷದ ಹಿಂದೆ ಒಂದು ದಿನ ನಾಲ್ಕನೇ ತರಗತಿಗೆ ತರಕಾರಿಗಳ ಪಾಠ ನಡೆದಿತ್ತು. ಬೋರ್ಡಿನ ಮೇಲೆ ‘ವೆಜಿಟೇಬಲ್’ ಅಂತ ಇಂಗ್ಲಿಷಿನಲ್ಲಿ ಬರೆದು ಮಕ್ಕಳಿಂದ ಮೂರು ಸಲ ಹೇಳಿಸಿದೆ. ಮುಂದಿನ ಸಾಲಿನ ಹುಡುಗಿ ಕೈ ಎತ್ತಿದಳು. ‘ಟೀಚರ್, ಇದರಾಗ ಟೇಬಲ್ ಯಾಕ ಬಂತ್ರಿ?’

ಒಳ್ಳೆಯ ಪ್ರಶ್ನೆ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ಮೊಬೈಲಿನಲ್ಲಿ ಹುಡುಕುವಾಗ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರೀಸ್ ಅನ್ನುವ ತಾಣ ಸಿಕ್ಕಿತು. ಪದದ ಕೆಳಗೆ ಎರಡು ಸ್ಪೀಕರ್ ಗುರುತು ಇದ್ದವು. ನೀಲಿ ಬಣ್ಣದ್ದು ಬ್ರಿಟಿಷ್ ಉಚ್ಚಾರಣೆಗೆ, ಕೆಂಪು ಬಣ್ಣದ್ದು ಅಮೆರಿಕದ ಉಚ್ಚಾರಣೆಗೆ. ನೀಲಿಯನ್ನು ಒತ್ತಿದೆ. ಬಂದ ದನಿಯಲ್ಲಿ ಟೇಬಲ್ ಇರಲೇ ಇಲ್ಲ. ‘ವೆಜ್‌ಟಬ್ಲ್’ ಅನ್ನುವ ಹಾಗೆ, ಮೂರೇ ತುಣುಕು. ಹತ್ತು ಸಲ ಒತ್ತಿ ಕೇಳಿದೆ. ಮರುದಿನ ಮಕ್ಕಳಿಗೂ ಕೇಳಿಸಿದೆ. ಅವತ್ತಿನಿಂದ ಇವತ್ತಿನವರೆಗೆ ನಾನು ಆ ಗುಂಡಿ ಒತ್ತದ ದಿನ ಕಡಿಮೆ.

ನಾನು ಓದಿದ್ದು ಕನ್ನಡ ಮಾಧ್ಯಮದಲ್ಲಿ. ನಮ್ಮ ಕಾಲಕ್ಕೆ ಇಂಗ್ಲಿಷ್ ಶುರುವಾಗುತ್ತಿದ್ದದ್ದು ಐದನೇ ತರಗತಿಯಲ್ಲಿ. ಈಗ ಹಾಗಲ್ಲ, 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ. ಅಂದರೆ ಆರು ವರ್ಷದ ಮಗು ಮೊದಲು ಕೇಳುವ ಇಂಗ್ಲಿಷ್ ನನ್ನ ಬಾಯಿಂದ ಬಂದದ್ದು. ಕೆಲವು ಮನೆಗಳಲ್ಲಿ ಬೇರೆ ಯಾರ ಬಾಯಿಂದಲೂ ಆ ಮಗು ಇಂಗ್ಲಿಷ್ ಕೇಳುವುದೇ ಇಲ್ಲ. ನಾನು ತಪ್ಪು ಹೇಳಿಕೊಟ್ಟರೆ ಅದೇ ಉಳಿದುಬಿಡುತ್ತದೆ. ಈ ವಿಮರ್ಶೆಯನ್ನು ಇಷ್ಟು ಉದ್ದ ಬರೆಯುತ್ತಿರುವುದು ಅದಕ್ಕೇ.

ಇದಕ್ಕೂ ಮುಂಚೆ ಬೇರೆ ದಾರಿಗಳನ್ನು ಹಿಡಿದಿದ್ದೆ. ಪಟ್ಟಣದಲ್ಲಿ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಒಂದೂವರೆ ತಿಂಗಳು ಹೋದೆ. ಅಲ್ಲಿ ಸಂಭಾಷಣೆಗಳನ್ನು ಬಾಯಿಪಾಠ ಮಾಡಿಸಿದರು. ಬ್ಯಾಂಕಿನಲ್ಲಿ ಏನು ಮಾತಾಡಬೇಕು, ಹೋಟೆಲಿನಲ್ಲಿ ಏನು ಮಾತಾಡಬೇಕು ಅಂತ. ಒಂದು ಪದ ಆಚೀಚೆಯಾದರೆ ಬಾಯಿ ಕಟ್ಟಿಹೋಗುತ್ತಿತ್ತು. ಆಮೇಲೆ ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿದೆ. ಹೆಸರು ಬೇಡ. ನಾನು ಏನು ಹೇಳಿದರೂ ಹಸಿರು ಟಿಕ್ ಬರುತ್ತಿತ್ತು. ಅನುಮಾನ ಬಂದು ಒಂದು ದಿನ ಬೇಕಂತಲೇ ತಪ್ಪಾಗಿ ಹೇಳಿದೆ. ಆಗಲೂ ಹಸಿರು ಟಿಕ್. ಎರಡನೇ ವರ್ಷದ ದುಡ್ಡನ್ನು ಅದು ತಾನಾಗಿಯೇ ಖಾತೆಯಿಂದ ಎಳೆದುಕೊಂಡಿತು. ಅದು ನಿಜವಾಗಿ ನೋವಾಯಿತು. ಚಂದಾ ಕಟ್ಟುವವರು ಮೊದಲೇ ಆಟೋ ಪೇ ನಿಲ್ಲಿಸಿಡಿ.

ಈ ನಿಘಂಟಿನ ತಾಣ ಉಚಿತ. ನಾನು ಇದಕ್ಕೆ ಇದುವರೆಗೆ ಒಂದು ರೂಪಾಯಿ ಕೊಟ್ಟಿಲ್ಲ.

ಸಾಮಾನ್ಯ ನಿಘಂಟಿಗೂ ಕಲಿಯುವವರ ನಿಘಂಟಿಗೂ ಏನು ವ್ಯತ್ಯಾಸ ಅನ್ನುವುದು ನನಗೆ ತಡವಾಗಿ ಗೊತ್ತಾಯಿತು. ಇದರ ಮೂಲ ಕತೆ ಚೆನ್ನಾಗಿದೆ. ಎ. ಎಸ್. ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಮೇಷ್ಟ್ರು 1924ರಲ್ಲಿ ಪಾಠ ಮಾಡಲು ಜಪಾನಿಗೆ ಹೋದರು. ಅಲ್ಲಿನ ವಿದ್ಯಾರ್ಥಿಗಳಿಗೆ ಪದದ ಅರ್ಥ ಗೊತ್ತಿದ್ದರೂ ಅದನ್ನು ವಾಕ್ಯದಲ್ಲಿ ಕೂರಿಸಲು ಬರುತ್ತಿರಲಿಲ್ಲ. ಅದಕ್ಕಾಗಿ ಇಬ್ಬರು ಜೊತೆಗಾರರ ಸಂಗಡ ಸೇರಿ ಒಂದು ನಿಘಂಟು ಮಾಡಿದರು. ಅದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಹೊರತಂದಿತು. ಅಂದರೆ ಇದು ಹುಟ್ಟಿದ್ದೇ ಇಂಗ್ಲಿಷ್ ಮನೆಮಾತಲ್ಲದವರಿಗಾಗಿ. ನಮ್ಮಂಥವರಿಗಾಗಿ, ಅಲ್ವಾ?

ಇದು ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಉಚ್ಚಾರಣೆಗೆ. ಕನ್ನಡದವರು ಎಲ್ಲಿ ಎಡವುತ್ತೇವೆ ಅಂತ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬಂದಿದ್ದೇನೆ. ಮೊದಲನೆಯದು ಒತ್ತಕ್ಷರ. ಇಂಗ್ಲಿಷಿನಲ್ಲಿ ಎರಡು ‘ಎನ್’ ಕಂಡರೆ ನಾವು ‘ಡಿನ್ನರ್’ ಅನ್ನುತ್ತೇವೆ. ಎರಡು ‘ಎಂ’ ಕಂಡರೆ ‘ಸಮ್ಮರ್’. ಸ್ಪೀಕರ್ ಒತ್ತಿ ಕೇಳಿ, ಅಲ್ಲಿ ಒತ್ತಕ್ಷರ ಇಲ್ಲ. ‘ಡಿನರ್’, ‘ಸಮರ್’ ಅನ್ನುವ ಹಾಗೆ ಹಗುರಾಗಿ ಬರುತ್ತದೆ. ನಮಗೆ ಒತ್ತಕ್ಷರ ಬಹಳ ಮುಖ್ಯ. ಕತೆ ಬೇರೆ, ಕತ್ತೆ ಬೇರೆ. ಅದಕ್ಕೇ ನಾವು ಎರಡು ಅಕ್ಷರ ಕಂಡಲ್ಲೆಲ್ಲ ಒತ್ತಿ ಹೇಳುತ್ತೇವೆ. ಮಕ್ಕಳಿಗೆ ಕತೆ-ಕತ್ತೆ ಉದಾಹರಣೆ ಕೊಟ್ಟು, ‘ಇಂಗ್ಲಿಷಿನ ಇಂಥ ಪದಗಳಲ್ಲಿ ಕತ್ತೆ ಇಲ್ಲ, ಬರೀ ಕತೆ’ ಅಂದೆ. ಒಂದೇ ದಿನದಲ್ಲಿ ಹಿಡಿದುಕೊಂಡರು.

ಎರಡನೆಯದು ‘ವ’. ಇಂಗ್ಲಿಷಿನಲ್ಲಿ ‘ವಿ’ ಮತ್ತು ‘ಡಬ್ಲ್ಯೂ’ ಎರಡು ಬೇರೆ ಬೇರೆ ಸದ್ದು. ನಮ್ಮಲ್ಲಿ ಇರುವುದು ಒಂದೇ ‘ವ’, ಅದು ಎರಡರ ನಡುವೆ ಎಲ್ಲೋ ಕೂರುತ್ತದೆ. ತೊಡುವ ಬನಿಯನ್‌ಗೆ ಹೇಳುವ ‘ವೆಸ್ಟ್’, ಪಶ್ಚಿಮಕ್ಕೆ ಹೇಳುವ ‘ವೆಸ್ಟ್’ ಎರಡನ್ನೂ ಒಂದಾದ ಮೇಲೊಂದು ಒತ್ತಿ ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗುಂಯ್ ಅನ್ನಬೇಕು. ಎರಡನೆಯದಕ್ಕೆ ತುಟಿ ಉಂಡೆಯಾಗಬೇಕು, ಹಲ್ಲು ತಾಗಲೇಬಾರದು. ನನಗೆ ಇದು ಬಾಯಿಗೆ ಕೂರಲು ಎಂಟು ತಿಂಗಳು ಬೇಕಾಯಿತು. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಕಷ್ಟವಾದದ್ದು. ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ ಅದರ ಪಾಲು ಸಿಗುತ್ತದೆ. ‘ಮಾವಿನಕಾಯಿ’ ಅಂದರೆ ಯಾವ ಅಕ್ಷರವನ್ನೂ ನುಂಗುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ನಿಲ್ಲುತ್ತದೆ, ಉಳಿದವು ಸಣ್ಣಗಾಗುತ್ತವೆ. ‘ಫೋಟೋಗ್ರಾಫ್’ ಪದದಲ್ಲಿ ಮೊದಲ ‘ಫೋ’ ಮೇಲೆ ಒತ್ತು, ಅಂದರೆ ಅಲ್ಲಿ ದನಿ ಜೋರು. ‘ಫೋಟೋಗ್ರಾಫರ್’ ಆದ ತಕ್ಷಣ ಒತ್ತು ಎರಡನೇ ಭಾಗಕ್ಕೆ ಜಾರುತ್ತದೆ, ‘ಫಟಾಗ್ರಫರ್’ ಅನ್ನುವ ಹಾಗೆ ಕೇಳಿಸುತ್ತದೆ. ‘ಡೆವಲಪ್’ ಅನ್ನುವಾಗ ನಾವು ಶುರುವಿನಲ್ಲೇ ಜೋರು ಮಾಡುತ್ತೇವೆ, ಆದರೆ ಒತ್ತು ಇರುವುದು ನಡುವೆ. ಇದನ್ನು ತೋರಿಸಲು ನಿಘಂಟು ಒತ್ತು ಬರುವ ಭಾಗದ ಮುಂದೆ, ಮೇಲುಗಡೆ, ಒಂದು ಸಣ್ಣ ಗೀಟು ಹಾಕುತ್ತದೆ. ಮೊದಲ ವರ್ಷ ನಾನು ಆ ಗೀಟನ್ನು ಗಮನಿಸಿಯೇ ಇರಲಿಲ್ಲ.

ಪದದ ಪಕ್ಕ ಉಚ್ಚಾರಣೆ ತೋರಿಸುವ ಇಂಥ ಗುರುತುಗಳನ್ನು ಓದಲು ಕಲಿತದ್ದು ನಮ್ಮ ಸಹೋದ್ಯೋಗಿಯೊಬ್ಬರಿಂದ. ಅವರು ಬೆಂಗಳೂರಿನ ಜ್ಞಾನಭಾರತಿಯಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ಬಂದಿದ್ದರು. 1963ರಲ್ಲಿ ಶುರುವಾದ ಸಂಸ್ಥೆ ಅದು, ಶಾಲಾ ಶಿಕ್ಷಕರಿಗೆ ಇಂಗ್ಲಿಷ್ ತರಬೇತಿ ಕೊಡುತ್ತದೆ. ಅವರ ನೋಟ್ಸ್ ಇಸಿದುಕೊಂಡು ಬೇಸಿಗೆ ರಜೆಯಲ್ಲಿ ಕೂತೆ. ತಲೆಕೆಳಗಾದ ಇಂಗ್ಲಿಷಿನ ‘ಇ’ ಅಕ್ಷರವೊಂದು ಬರುತ್ತದೆ, ಅದೇ ಆ ಸಣ್ಣಗಾದ ಸ್ವರ. ಅದು ಅರ್ಥವಾದ ದಿನ ನಿಘಂಟಿನ ಪುಟ ಬೇರೆಯೇ ಆಗಿ ಕಂಡಿತು. ನೆಟ್‌ವರ್ಕ್ ಇಲ್ಲದಾಗಲೂ ಅಚ್ಚಿನ ನಿಘಂಟು ತೆರೆದು ಪದವನ್ನು ಮನಸ್ಸಿನಲ್ಲೇ ಕೇಳಿಸಿಕೊಳ್ಳಬಹುದು.

ಕ್ರಿಯಾಪದಗಳಿಗೆ ‘ವರ್ಬ್ ಫಾರ್ಮ್ಸ್’ ಅಂತ ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ. ಭೂತಕಾಲದ ರೂಪಕ್ಕೂ ಅಲ್ಲೇ ಸ್ಪೀಕರ್ ಇದೆ. ನಾವು ಕೊನೆಯ ‘ಇಡಿ’ಯನ್ನು ಎಲ್ಲ ಕಡೆ ‘ಎಡ್’ ಅಂತ ಓದುತ್ತೇವೆ: ವಾಕೆಡ್, ಪ್ಲೇಯೆಡ್. ನಿಜವಾಗಿ ಅದು ಮೂರು ಬಗೆ. ‘ವಾಕ್ಟ್’ನಲ್ಲಿ ಟ್, ‘ಪ್ಲೇಡ್’ನಲ್ಲಿ ಡ್, ‘ವಾಂಟಿಡ್’ನಲ್ಲಿ ಇಡ್. ನಾನು ಮಕ್ಕಳನ್ನು ಮೂರು ಗುಂಪು ಮಾಡಿ, ಪದ ಕೇಳಿದ ತಕ್ಷಣ ಯಾವ ಗುಂಪು ಎದ್ದು ನಿಲ್ಲಬೇಕು ಅಂತ ಆಟ ಆಡಿಸುತ್ತೇನೆ. ಐದನೇ ತರಗತಿಯವರು ಈ ಆಟವನ್ನು ಕೇಳಿ ಕೇಳಿ ಆಡುತ್ತಾರೆ.

ವ್ಯಾಕರಣಕ್ಕೆ ನಿಘಂಟು ಯಾಕೆ ಅಂತ ನೀವು ಕೇಳಬಹುದು. ಪದ ಯಾವ ಜೊತೆ ಬೇಡುತ್ತದೆ, ಯಾವುದನ್ನು ಒಲ್ಲೆ ಅನ್ನುತ್ತದೆ ಅನ್ನುವುದೂ ವ್ಯಾಕರಣವೇ. ಕನ್ನಡದಲ್ಲಿ ‘ಅದರ ಬಗ್ಗೆ ಚರ್ಚಿಸಿದೆವು’ ಅನ್ನುತ್ತೇವೆ, ಹಾಗಾಗಿ ಇಂಗ್ಲಿಷಿನಲ್ಲೂ ‘ಡಿಸ್ಕಸ್ ಅಬೌಟ್’ ಬಂದುಬಿಡುತ್ತದೆ. ‘ಡಿಸ್ಕಸ್’ ಪದದ ಕೆಳಗೇ ‘ಅಬೌಟ್’ ಹಾಕಬೇಡಿ ಅಂತ ಎಚ್ಚರಿಕೆ ಇದೆ. ನಮ್ಮ ಮೀಟಿಂಗ್ ವರದಿಗಳಲ್ಲಿ ಆ ತಪ್ಪನ್ನು ಎಷ್ಟು ವರ್ಷ ಬರೆದಿದ್ದೆನೋ! ‘ಫರ್ನಿಚರ್’, ‘ಅಡ್ವೈಸ್’, ‘ಹೋಮ್‌ವರ್ಕ್’ ಪದಗಳ ಪಕ್ಕದಲ್ಲಿ ಎಣಿಸಲಾಗದ ನಾಮಪದ ಅಂತ ಗುರುತು ಇರುತ್ತದೆ. ಅವಕ್ಕೆ ಬಹುವಚನದ ‘ಎಸ್’ ಹಚ್ಚುವ ಹಾಗಿಲ್ಲ. ಈ ಒಂದು ಗುರುತು ನೋಡುವ ಅಭ್ಯಾಸದಿಂದಲೇ ನನ್ನ ಬರವಣಿಗೆಯ ಎಷ್ಟೋ ತಪ್ಪು ನಿಂತಿತು.

ನಮ್ಮ ಇಂಗ್ಲಿಷನ್ನು ಇದು ಕೀಳಾಗಿ ಕಾಣುವುದಿಲ್ಲ ಅನ್ನುವುದೂ ನನಗೆ ಇಷ್ಟ. ‘ಪ್ರಿಪೋನ್’ ಹುಡುಕಿ ನೋಡಿ. ಭಾರತೀಯ ಇಂಗ್ಲಿಷ್ ಅಂತ ಗುರುತು ಹಾಕಿ, ಅರ್ಥ ಕೊಟ್ಟಿದ್ದಾರೆ. ತಪ್ಪು ಅಂದಿಲ್ಲ.

ಶಬ್ದಭಂಡಾರಕ್ಕೆ ಎರಡು ಪಟ್ಟಿ ಇವೆ: ಆಕ್ಸ್‌ಫರ್ಡ್ 3000 ಮತ್ತು ಆಕ್ಸ್‌ಫರ್ಡ್ 5000. ಮೊದಲು ಕಲಿಯಬೇಕಾದ ಪದಗಳು ಅತಿ ಸುಲಭದ ಎ1ರಿಂದ ಕಷ್ಟದ ಸಿ1ರವರೆಗೆ ಹಂತ ಹಂತವಾಗಿ ಸಿಗುತ್ತವೆ. ಪಠ್ಯಪುಸ್ತಕದಲ್ಲಿ ಕಷ್ಟದ ಪದ ಬಂದರೆ ನಾನು ಮೊದಲು ಅದರ ಹಂತ ನೋಡುತ್ತೇನೆ. ಸಿ1 ಅಂತ ಇದ್ದರೆ ಮಕ್ಕಳಿಗೆ ಸುಮ್ನೆ ಅರ್ಥ ಹೇಳಿ ಮುಂದೆ ಹೋಗುತ್ತೇನೆ, ಬರೆಸುವುದಿಲ್ಲ. ಎ1 ಆಗಿದ್ದರೆ ಬಿಡುವುದಿಲ್ಲ, ಮಾತಾಡಿಸಿಯೇ ಕಲಿಸುತ್ತೇನೆ.

ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಇದು ಇಂಗ್ಲಿಷಿನಿಂದ ಇಂಗ್ಲಿಷಿಗೆ ಇರುವ ನಿಘಂಟು. ಈಗಷ್ಟೇ ಅಕ್ಷರ ಕೂಡಿಸಿ ಓದುವವರಿಗೆ ಇದು ಆಗುವುದಿಲ್ಲ. ಅರ್ಥಗಳು ಸರಳ ಪದಗಳಲ್ಲೇ ಇರುತ್ತವೆ, ಆದರೂ ಎಸ್ಸೆಸ್ಸೆಲ್ಸಿ ಮಟ್ಟದ ಓದು ಬೇಕು. ಮೊದಲ ಆರು ತಿಂಗಳು ನಾನು ಇದರ ಜೊತೆಗೆ ಅಲರ್ ಕನ್ನಡ-ಇಂಗ್ಲಿಷ್ ನಿಘಂಟನ್ನು ಇಟ್ಟುಕೊಂಡೆ. ವಿ. ಕೃಷ್ಣ ಅವರು ದಶಕಗಟ್ಟಲೆ ಒಬ್ಬರೇ ಕೂತು ಕೂಡಿಸಿದ ಒಂದೂವರೆ ಲಕ್ಷದಷ್ಟು ಪದಗಳು ಅದರಲ್ಲಿವೆ. 2019ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿದೆ. ‘ಅಳುಕು’ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು ಅಂತ ಅಲ್ಲಿ ನೋಡಿ, ಸಿಕ್ಕ ಪದಗಳನ್ನು ಇಲ್ಲಿ ಹಾಕಿ, ವಾಕ್ಯಗಳನ್ನು ಓದಿ, ಯಾವುದು ನನ್ನ ಅಳುಕಿಗೆ ಸರಿಯಾಗಿ ಹೊಂದುತ್ತದೆ ಅಂತ ಆರಿಸುತ್ತೇನೆ. ಆ ಕೃಷ್ಣ ಅವರಿಗೆ ಕೈಮುಗಿಯಬೇಕು ಅನ್ನಿಸುತ್ತದೆ.

ಇನ್ನೊಂದು, ಯಾವ ನಿಘಂಟೂ ಕಾಲಗಳನ್ನು ಕಲಿಸುವುದಿಲ್ಲ. ‘ನಿನ್ನೆ ಬಂದಿದ್ದೆ’ ಅನ್ನುವ ನಮ್ಮ ಮಾತು ಇಂಗ್ಲಿಷಿಗೆ ಹೋದರೆ ‘ಐ ಹ್ಯಾಡ್ ಕಮ್ ಯೆಸ್ಟರ್‌ಡೇ’ ಆಗುತ್ತದೆ. ಅಲ್ಲಿ ‘ಐ ಕೇಮ್’ ಸಾಕು. ಇಂಥದ್ದನ್ನು ನಿಘಂಟಿನ ಯಾವ ಪುಟದಲ್ಲಿ ಹುಡುಕುತ್ತೀರಿ? ವಾಕ್ಯದ ಏರಿಳಿತವೂ ಅಷ್ಟೇ, ಬಿಡಿ ಪದ ಕೇಳಿ ಬರುವುದಿಲ್ಲ. ಇದಕ್ಕಾಗಿ ನಾನು ಬಿಬಿಸಿ ಲರ್ನಿಂಗ್ ಇಂಗ್ಲಿಷ್ ಕೇಳುತ್ತೇನೆ. 1943ರಲ್ಲಿ ರೇಡಿಯೋ ಪಾಠಗಳಾಗಿ ಶುರುವಾದ ಕೆಲಸ ಅದು. ಅದರ ‘ಸಿಕ್ಸ್ ಮಿನಿಟ್ ಇಂಗ್ಲಿಷ್’ ಕಾರ್ಯಕ್ರಮ ಬಸ್ಸಿನಲ್ಲಿ ಹೋಗುವಾಗ ಕೇಳಲು ಹೇಳಿ ಮಾಡಿಸಿದ ಹಾಗಿದೆ. ಮಾತಿನ ಪೂರ್ತಿ ಬರಹವೂ ಸಿಗುವುದರಿಂದ ಮನೆಗೆ ಬಂದು ಓದಿಕೊಳ್ಳಬಹುದು.

ನನ್ನ ದಿನದ ಅಭ್ಯಾಸ ಹೇಳುತ್ತೇನೆ, ಬೇಕಾದರೆ ನಿಮಗೆ ಹೊಂದುವ ಹಾಗೆ ಬದಲಿಸಿಕೊಳ್ಳಿ. ರಾತ್ರಿ ಊಟವಾದ ಮೇಲೆ ಐದು ಪದ, ಜಾಸ್ತಿ ಇಲ್ಲ. ಮರುದಿನದ ಪಾಠದಿಂದಲೇ ಆರಿಸುತ್ತೇನೆ. ಮೊದಲು ನನಗೆ ತಿಳಿದ ಹಾಗೆ ಹೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಆಮೇಲೆ ಸ್ಪೀಕರ್ ಒತ್ತಿ ಮೂರು ಸಲ ಕೇಳುತ್ತೇನೆ. ಮತ್ತೆ ರೆಕಾರ್ಡ್. ಎರಡನ್ನೂ ಒಂದರ ಹಿಂದೆ ಒಂದು ಹಾಕಿ ಕೇಳಿದರೆ ನಮ್ಮ ಕಿವಿಯೇ ತಪ್ಪು ಹೇಳುತ್ತದೆ. ಮೊದಲು ನಾವು ಹೇಳಿ ಆಮೇಲೆ ಕೇಳಬೇಕು, ಅದು ಮುಖ್ಯ. ಮೊದಲೇ ಕೇಳಿಬಿಟ್ಟರೆ ನಮ್ಮ ಹಳೆಯ ತಪ್ಪು ಯಾವುದಿತ್ತು ಅಂತ ಗೊತ್ತಾಗುವುದೇ ಇಲ್ಲ.

ನೀಲಿನಾ, ಕೆಂಪಾ ಅಂತ ತುಂಬಾ ಜನ ಶಿಕ್ಷಕರು ಕೇಳುತ್ತಾರೆ. ಯಾವುದಾದರೂ ಒಂದನ್ನು ಹಿಡಿದುಕೊಳ್ಳಿ. ನಮ್ಮ ಮಕ್ಕಳು ಲಂಡನ್ನಿನವರ ಹಾಗೆ ಮಾತಾಡಬೇಕು ಅಂತ ನನಗಿಲ್ಲ. ಹುಬ್ಬಳ್ಳಿಯಲ್ಲಿ, ಬೆಂಗಳೂರಿನಲ್ಲಿ, ಚೆನ್ನೈಯಲ್ಲಿ ಯಾರಾದರೂ ‘ಏನಂದೆ?’ ಅಂತ ಎರಡನೇ ಸಲ ಕೇಳದೆ ಅರ್ಥ ಮಾಡಿಕೊಂಡರೆ ಸಾಕು. ಹಾವೇರಿಯ ರಾಗ ಮಾತಿನಲ್ಲಿ ಉಳಿಯಲಿ, ಅದು ಅವರದ್ದು. ಪದದ ಸದ್ದು ಮತ್ತು ಒತ್ತು ಸರಿ ಇರಲಿ.

ಈ ವರ್ಷ ಊರಿನ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಒಂದು ಬ್ಲೂಟೂತ್ ಸ್ಪೀಕರ್ ಕೊಡಿಸಿದ್ದಾರೆ. ಹಿಂದಿನ ಬೆಂಚಿಗೂ ಈಗ ಸರಿಯಾಗಿ ಕೇಳಿಸುತ್ತದೆ. ಗುಂಡಿ ಒತ್ತುವ ಸರದಿಯನ್ನು ಹಾಜರಿ ಪುಸ್ತಕದ ಕ್ರಮದಲ್ಲಿ ಇಟ್ಟಿದ್ದೇನೆ. ನಾಳೆ ಹದಿನಾಲ್ಕನೇ ನಂಬರಿನವನದ್ದು. ಪದ ‘ಕಂಫರ್ಟಬಲ್’. ಅದರಲ್ಲೂ ಟೇಬಲ್ ಇಲ್ಲ.