ಹಳೇ ಫೋರ್ಡ್ ಫಿಯೆಸ್ಟಾ 1.6 ಪೆಟ್ರೋಲ್: ಕಮ್ಮಿ ದುಡ್ಡಿಗೆ ತಗೊಂಡು ವರ್ಷಗಟ್ಟಲೆ ಓಡಿಸಿದ ಮೇಲೆ

ಎರಡು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಕಾರು ಬೇಕು ಅಂದ್ರೆ ನಮ್ ಕಡೆ ಎಲ್ರೂ ಹೇಳೋದು ಒಂದೇ ಮಾತು, "ಮಾರುತಿ ತಗೋ, ಕಣ್ ಮುಚ್ಕೊಂಡು ತಗೋ". ಸುಳ್ಳೇನಲ್ಲ. ಆದ್ರೆ ಎಲ್ರೂ ಅದನ್ನೇ ಕೇಳೋದ್ರಿಂದ ಬಣ್ಣ ಮಾಸಿರೋ ವ್ಯಾಗನಾರ್‌ಗೂ ಮಾರೋರು ಹೊಸ ಕಾರಿನ ಗತ್ತಲ್ಲಿ ರೇಟ್ ಹೇಳ್ತಾರೆ, ಚೌಕಾಸಿ ಮಾಡಿದ್ರೆ "ಬೇಡ ಅಂದ್ರೆ ಬಿಡಿ ಸಾರ್, ಇನ್ನೊಬ್ರು ಬರ್ತಾ ಇದಾರೆ" ಅಂತಾರೆ. ಅದಕ್ಕೆ ನಾನು ಉಲ್ಟಾ ಹೊರಟೆ. ಜನ ಯಾವ ಕಾರು ನೋಡಿ ಹೆದರ್ತಾರೋ ಅದು ಸೋವಿ, ಹೆದರಿಕೆಗೆ ಕಾರಣ ಇಂಜಿನ್ ಅಲ್ದೆ ಬೇರೆ ಏನಾದ್ರೂ ಆಗಿದ್ರೆ ನಮಗೆ ಲಾಭ, ಇಷ್ಟೇ ನನ್ನ ಲೆಕ್ಕ.

2021ರ ಸೆಪ್ಟೆಂಬರ್‌ನಲ್ಲಿ ಫೋರ್ಡ್ ಇಂಡಿಯಾದಲ್ಲಿ ಕಾರು ಮಾಡೋದು ನಿಲ್ಲಿಸ್ತೀವಿ ಅಂತು. ಗುಜರಾತಿನ ಸಾಣಂದ್, ಚೆನ್ನೈ ಹತ್ರದ ಮರೈಮಲೈ ನಗರ ಎರಡೂ ಕಡೆ ಫ್ಯಾಕ್ಟರಿ ಬಂದ್ ಅಂತ ಸುದ್ದಿ. ಸರ್ವಿಸು, ಸ್ಪೇರ್ಸು ಇರುತ್ತೆ ಅಂತ ಕಂಪನಿ ಹೇಳಿದ್ರೂ ಕೇಳೋರು ಯಾರು. ಆ ಗಲಾಟೆಲೇ ನನಗೆ ಸಿಕ್ಕಿದ್ದು 2009ರ ಫಿಯೆಸ್ಟಾ 1.6, ಕೆಎ 13 ನಂಬರು, ಒಂದೇ ಕೈ, ರಿಟೈರ್ಡ್ ಮೇಷ್ಟ್ರ ಕಾರು, ಬಿಲ್ಲುಗಳೆಲ್ಲಾ ಒಂದು ಫೈಲಲ್ಲಿ ಪಿನ್ ಹೊಡೆದು ಇಟ್ಟಿದ್ರು. ಒಂದು ಲಕ್ಷ ಮೂವತ್ತು ಸಾವಿರಕ್ಕೆ ಮುಗೀತು. ನಮ್ ಭಾವ ಮಾತ್ರ "ಲೋ, ಕಂಪನಿನೇ ಬಾಗ್ಲು ಹಾಕ್ಕೊಂಡ್ ಹೋಗೈತೆ, ನೀನು ಈಗ ಒಳಗ್ ಹೋಗ್ತಾ ಇದೀಯಲ್ಲೋ" ಅಂತ ನಕ್ಕಿದ್ದೇ ನಕ್ಕಿದ್ದು.

ಪವರ್ರು, ಟಾರ್ಕು, ಬೂಟ್ ಎಷ್ಟು ಲೀಟರ್ ಅನ್ನೋದೆಲ್ಲಾ ನಾನು ಬರೆಯಲ್ಲ, ಎಲ್ಲಾ ಕಡೆ ಸಿಗುತ್ತೆ. ನಾನು ಬರೀಬೇಕು ಅಂತ ಕೂತಿದ್ದು ಸ್ಟೀರಿಂಗ್ ಬಗ್ಗೆ.

ಈಗಿನ ಕಾರುಗಳಲ್ಲಿ ಇರೋದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್, ಒಂದು ಮೋಟಾರು ತಿರುಗಿಸೋಕೆ ಸಹಾಯ ಮಾಡುತ್ತೆ, ಒಂದು ಬೆರಳಲ್ಲಿ ತಿರುಗುತ್ತೆ, ಊರೊಳಗೆ ಅದೇ ಸುಖ. ಇದ್ರಲ್ಲಿ ಹೈಡ್ರಾಲಿಕ್. ಇಂಜಿನ್ ಬೆಲ್ಟಿಂದ ಓಡೋ ಪಂಪು, ಆಯಿಲ್ ಪ್ರೆಷರು, ಅಷ್ಟೇ. ಸಂತೆ ದಿನ ಮಾರ್ಕೆಟ್ ಹತ್ರ ಪಾರ್ಕ್ ಮಾಡುವಾಗ ತೋಳು ನೋಯುತ್ತೆ, ಒಪ್ಕೋತೀನಿ. ಆದ್ರೆ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿ ನೋಡಿ. ಮೊದಲನೇ ಹೇರ್‌ಪಿನ್‌ಗೆ ಸೆಕೆಂಡ್ ಗೇರ್ ಹಾಕಿ ಒಳಗೆ ತಿರುಗಿಸ್ತಿದ್ದಂಗೆ ಮುಂದಿನ ಟೈರು ಎಷ್ಟು ಹಿಡಿದಿದೆ, ಎಲ್ಲಿ ಜಲ್ಲಿ ಇದೆ, ಎಲ್ಲಿ ರೋಡು ಒದ್ದೆ ಅನ್ನೋದೆಲ್ಲಾ ಅಂಗೈಗೇ ಬರುತ್ತೆ, ಜಾರೋಕೆ ಮುಂಚೆನೇ ಸ್ಟೀರಿಂಗ್ ಒಂಚೂರು ಹಗುರ ಆಗುತ್ತೆ, ಆಗ ಕಾಲು ತಾನಾಗೇ ಮೇಲೆ ಬರುತ್ತೆ. ಸ್ಪೀಡಲ್ಲಿ ಹೋಗೋ ಮಾತಲ್ಲ ಇದು, ಮುಂದೆ ಬಸ್ ಇದ್ರೆ ನಲವತ್ತು ದಾಟಲ್ಲ, ಆ ನಲವತ್ತರಲ್ಲೇ ಮಜಾ ಇದೆ. ಚಿಕ್ಕಪ್ಪನ ಮಗ ಹೊಸ ಎಸ್‌ಯುವಿ ತಗೊಂಡಿದಾನೆ, ನನ್ನ ಕಾರಿನ ಹತ್ತು ಪಟ್ಟು ರೇಟು, ಅದ್ರಲ್ಲಿ ಇದೇ ರೋಡಲ್ಲಿ ಓಡಿಸ್ದೆ, ಸೀಟು ಮೆತ್ತಗೆ, ಸ್ಕ್ರೀನು ದೊಡ್ಡದು, ಕೆಳಗೆ ರೋಡು ಇದ್ಯೋ ಇಲ್ವೋ ಗೊತ್ತಾಗ್ಲಿಲ್ಲ.

ಇನ್ನೊಂದು ನನ್ನ ಭಾನುವಾರದ ಕೆಲಸ. ಕಾಫಿ ಕುಡಿದು, ಇಂಜಿನ್ ತಣ್ಣಗಿರುವಾಗಲೇ ಬಾನೆಟ್ ಎತ್ತೋದು. ಡಿಪ್‌ಸ್ಟಿಕ್ ಎಳೆದು ಹಳೇ ಬನಿಯನ್ ತುಂಡಲ್ಲಿ ಒರೆಸಿ, ಮತ್ತೆ ಅದ್ದಿ ಲೆವೆಲ್ ನೋಡೋದು, ಕೂಲಂಟ್ ಡಬ್ಬಿಗೆ ಟಾರ್ಚ್ ಬಿಟ್ಟು ನೋಡೋದು, ಸ್ಟೀರಿಂಗ್ ಆಯಿಲ್ ನೋಡೋದು, ಆಮೇಲೆ ಗ್ಲಾಸ್ ಕೆಳಗಿನ ಜಾಲರಿಲಿ ಸಿಕ್ಕಿರೋ ಎಲೆ ಒಂದೊಂದಾಗಿ ಆರಿಸೋದು. ನಮ್ಮನೆ ಕಾಂಪೌಂಡಲ್ಲಿ ಹಲಸಿನ ಮರ ಇದೆ, ಮಳೆಗಾಲದಲ್ಲಿ ಎಲೆ ಕೊಳೆತು ನೀರು ಹೋಗೋ ದಾರಿ ಕಟ್ಕೊಂಡ್ರೆ ನೀರು ಒಳಗೆ ಬಂದು ಮ್ಯಾಟ್ ನೆನೆಯುತ್ತೆ. "ರೀ, ಮಂಗಳಾರತಿ ಒಂದು ಬಾಕಿ, ತಟ್ಟೆ ತರ್ಲಾ" ಅಂತ ನಮ್ಮನೆಯವ್ಳು ಕೇಳ್ತಾಳೆ. ಕೇಳ್ಲಿ. ಹೊಸ ಕಾರಲ್ಲಿ ಬಾನೆಟ್ ಎತ್ತಿದ್ರೆ ಪ್ಲಾಸ್ಟಿಕ್ ಕವರು ಬಿಟ್ರೆ ಕಾಣೋದೇನು.

ಇಷ್ಟು ಹೊಗಳಿದ ಮೇಲೆ ಈಗ ಬೇವು.

ಭಾವ ನಕ್ಕಿದ್ದು ಪೂರ್ತಿ ಸುಮ್ನೆ ಅಲ್ಲ. ಫಿಲ್ಟರ್, ಬ್ರೇಕ್ ಪ್ಯಾಡ್, ಬೆಲ್ಟು, ಬೇರಿಂಗ್ ಎಲ್ಲಾ ಸಿಗುತ್ತೆ. ಫೋರ್ಡ್‌ನ ಇನ್ನೊಂದು ಕಾರು, ಮೊದಲನೇ ಫಿಗೋನೂ ಇದೇ ಪ್ಲಾಟ್‌ಫಾರ್ಮ್ ಮೇಲೆ, ಅಂದ್ರೆ ಇದೇ ಅಡಿಪಾಯದ ಮೇಲೆ ಕಟ್ಟಿದ್ದು, ಕೆಳಗಡೆ ಸಾಮಾನು ಸುಮಾರಿಗೆ ಹೊಂದುತ್ತೆ, ಅದು ರೋಡಲ್ಲಿ ಇನ್ನೂ ಬೇಕಾದಷ್ಟಿದೆ, ನಮ್ಮ ಪುಣ್ಯ. ತೊಂದ್ರೆ ಇರೋದು ಬಾಡಿ ಸಾಮಾನಿಂದು. ನಿಲ್ಲಿಸಿದ್ದ ಕಾರಿಗೆ ಯಾರೋ ಸ್ಕೂಟರ್‌ನವ್ರು ಗುದ್ದಿ ಹಿಂದಿನ ಲೈಟ್ ಒಡೆದು ಹೋದ್ರು. ಹಾಸನದಲ್ಲಿ ಅಂಗಡಿ ಅಂಗಡಿ ಕೇಳ್ದೆ, ಇಲ್ಲ. ಬೆಂಗಳೂರು ಜೆ.ಸಿ. ರೋಡಲ್ಲಿ ಸುತ್ತಿದೆ, "ಆರ್ಡರ್ ಹಾಕ್ತೀನಿ ಸಾರ್" ಅಂದೋರು ಫೋನೇ ಎತ್ತಲಿಲ್ಲ. ಕೊನೆಗೆ ಸಿಕ್ಕಿದ್ದು ಶಿವಾಜಿನಗರದ ಗುಜರಿಲಿ, ಬೇರೆ ಫಿಯೆಸ್ಟಾದಿಂದ ಬಿಚ್ಚಿದ್ದು, ಒಂದು ಮೂಲೆ ಸೀಳಿತ್ತು, ಅದನ್ನೇ ತಂದು ಹಾಕ್ದೆ. ಅಲ್ಲಿವರೆಗೂ ಕೆಂಪು ಟೇಪ್ ಅಂಟಿಸ್ಕೊಂಡು ಓಡಾಡಿದ್ದು, ಪೊಲೀಸ್ ಕಂಡ್ರೆ ಎದೆ ಢವಢವ. ದಿನಾ ಕಾರು ಇಲ್ದೆ ನಡೆಯಲ್ಲ ಅನ್ನೋರು ಇಲ್ಲೇ ಓದೋದು ನಿಲ್ಲಿಸಿ ವ್ಯಾಗನಾರ್ ನೋಡಿ, ನಿಜವಾಗ್ಲೂ. ನನಗೆ ಆಫೀಸಿಗೆ ಬೈಕ್ ಇದೆ, ಹಾಗಾಗಿ ಕಾಯೋಕೆ ಆಯ್ತು.

ಪೆಟ್ರೋಲು ಕುಡಿಯೋದು ಬೇರೆ. ಊರೊಳಗೆ ಲೀಟರ್‌ಗೆ ಹತ್ತು ಬಂದ್ರೆ ದೊಡ್ಡದು, ಹೈವೇಲಿ ಹದಿನಾಲ್ಕು. ಈಗ ಬಂಕಲ್ಲಿ ಸಿಗೋದು 20 ಪರ್ಸೆಂಟ್ ಎಥೆನಾಲ್ ಬೆರೆಸಿದ ಪೆಟ್ರೋಲು, ಇಷ್ಟು ಹಳೇ ಕಾರುಗಳನ್ನ ಅದಕ್ಕೆ ಅಂತ ಮಾಡಿದ್ದಲ್ಲ, ಮೈಲೇಜು ಇನ್ನೊಂಚೂರು ಇಳಿದಿದೆ. ಇಂಧನದ ರಬ್ಬರ್ ಪೈಪ್‌ಗಳನ್ನ ನಾನು ಮುಂಚೆನೇ ಬದಲಾಯಿಸಿದೀನಿ, ದೊಡ್ಡ ಖರ್ಚಲ್ಲ, ಹಳೇ ಪೆಟ್ರೋಲ್ ಕಾರು ಯಾವುದೇ ಇರ್ಲಿ ಮಾಡಿಸ್ಬಿಡಿ.

ಕಾಗದದ ಕೆಲಸನೂ ರೇಟಿಗೆ ಸೇರಿಸ್ಕೊಳ್ಳಿ, ಯಾರೂ ಸೇರಿಸಲ್ಲ. ಹದಿನೈದು ವರ್ಷ ಆದ್ರೆ ಆರ್‌ಸಿ ರಿನ್ಯೂ ಮಾಡಿಸ್ಬೇಕು, ಮುಂಚೆ ಕಾರಿಗೆ ಆರುನೂರು ರೂಪಾಯಿ ಇದ್ದ ಫೀಸು 2022ರ ಏಪ್ರಿಲಿಂದ ಐದು ಸಾವಿರ, ಮೇಲೆ ಗ್ರೀನ್ ಟ್ಯಾಕ್ಸು, ಇನ್ಸ್‌ಪೆಕ್ಟರ್ ಮುಂದೆ ಗಾಡಿ ತೋರಿಸ್ಬೇಕು, ಆಮೇಲೆ ಐದು ವರ್ಷ ನೆಮ್ಮದಿ. ನನ್ನದು 2024ರಲ್ಲಿ ಆಯ್ತು. ಹದಿಮೂರು ಹದಿನಾಲ್ಕು ವರ್ಷದ ಕಾರು ಇದ್ದಕ್ಕಿದ್ದಂಗೆ ಸೋವಿ ಅನ್ನಿಸಿದ್ರೆ ಇದೂ ಒಂದು ಕಾರಣ. ದೆಹಲಿ ಗಾಡಿಗಳ ಕಥೆನೂ ಅಷ್ಟೆ, ಅಲ್ಲಿ ಡೀಸೆಲ್‌ಗೆ ಹತ್ತು ವರ್ಷ ಪೆಟ್ರೋಲ್‌ಗೆ ಹದಿನೈದು ದಾಟಿದ್ರೆ ಓಡಿಸಂಗಿಲ್ಲ ಅಂತ ಇದ್ದ ರೂಲ್ಸಿಂದ ಫೋಟೋದಲ್ಲಿ ಫಳಫಳ ಹೊಳೆಯೋ ಕಾರು ಅರ್ಧ ರೇಟಿಗೆ ಬರ್ತಿತ್ತು, ಇಲ್ಲಿಗೆ ತಂದು ಅಲ್ಲಿನ ಆರ್‌ಟಿಒ ಒಪ್ಪಿಗೆ ಪತ್ರ (ಎನ್‌ಒಸಿ) ಕೊಟ್ಟು ನಮ್ಮ ಲೈಫ್ ಟ್ಯಾಕ್ಸ್ ಕಟ್ಟೋವಾಗ ಆ ಅರ್ಧ ಎಲ್ಲಿ ಹೋಯ್ತು ಅಂತ ಗೊತ್ತಾಗ್ತಿತ್ತು.

ನೋಡೋಕೆ ಹೋದಾಗ ಓಡೋಮೀಟರ್ ನಂಬಬೇಡಿ, ಪೆಡಲ್ ರಬ್ಬರು, ಸ್ಟೀರಿಂಗ್ ಸವೆದಿರೋದು ನೋಡಿ. ಬರ್ತೀವಿ ಅಂತ ಹೇಳಿ ಬೆಳಗ್ಗೆನೇ ಹೋಗಿ, ಇಂಜಿನ್ ಬಿಸಿ ಮಾಡಿ ಇಟ್ಟಿದ್ರೆ ಅನುಮಾನ ಪಡಿ. ಸೀಟ್ ಬೆಲ್ಟ್ ಪೂರ್ತಿ ಹೊರಗೆ ಎಳೀರಿ, ಕೊನೇಲಿ ಕೆಸರಿನ ಗೆರೆ ಇದ್ರೆ ಅದು ಪ್ರವಾಹದಲ್ಲಿ ಮುಳುಗಿದ ಗಾಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲ ಎರಡು ಅಂಕಿ ಟೈರು ತಯಾರಾದ ವಾರ, ಮುಂದಿನ ಎರಡು ಅಂಕಿ ತಯಾರಾದ ವರ್ಷ. ಸಾಲ ಇತ್ತಾ, ತೀರಿದ ಮೇಲೆ ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸಿದಾರಾ, ಚಲನ್ ಬಾಕಿ ಇದ್ಯಾ, ಸರ್ಕಾರದ ಪರಿವಾಹನ್ ವೆಬ್‌ಸೈಟಲ್ಲಿ ನೋಡಿ. ಈ ಫಿಯೆಸ್ಟಾ ಇಂಜಿನ್‌ಗೆ ಇರೋದು ಟೈಮಿಂಗ್ ಬೆಲ್ಟು (ಇಂಜಿನ್ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆದು ಮುಚ್ಚೋ ಹಾಗೆ ಓಡಿಸೋ ರಬ್ಬರ್ ಪಟ್ಟಿ), ಚೈನ್ ಅಲ್ಲ, ಯಾವಾಗ ಬದಲಾಯಿಸಿದ್ದು ಅನ್ನೋಕೆ ಬಿಲ್ ಇಲ್ಲ ಅಂದ್ರೆ ಆ ಖರ್ಚು ರೇಟಲ್ಲಿ ಮುರ್ಕೊಳ್ಳಿ, ತಗೊಂಡ ದಿನವೇ ಹಾಕ್ಸಿ, ಅದು ಓಡ್ತಾ ಕಿತ್ಕೊಂಡ್ರೆ ಇಂಜಿನ್ ಕೆಲಸನೇ ಬರಬಹುದು.

ಫಿಯೆಸ್ಟಾ ಸಿಗದಿದ್ರೆ 2005ರಿಂದ 2010ರವರೆಗೆ ಬಂದ 1.3 ಪೆಟ್ರೋಲ್ ಸ್ವಿಫ್ಟ್ ನೋಡಿ, ಸ್ಟೀರಿಂಗ್ ಎಲೆಕ್ಟ್ರಿಕ್ ಆದ್ರೂ ಹಗುರ ಗಾಡಿ, ಚುರುಕು, ಸಾಮಾನು ಹಳ್ಳಿಲೂ ಸಿಗುತ್ತೆ. ಫಿಯಟ್ ಪುಂಟೋ ಸ್ಟೀರಿಂಗ್ ಇದಕ್ಕಿಂತ ಒಂದು ಕೈ ಮೇಲು ಅನ್ನೋರಿದಾರೆ, ನಾನೂ ಜಗಳ ಆಡಲ್ಲ, ಆದ್ರೆ ಆ ಕಂಪನಿ ಕಾರುಗಳೂ ಇಲ್ಲಿಂದ ಹೋದ್ವು, ಸಾಮಾನು ಹುಡುಕೋ ಕಷ್ಟ ಒಂದೇ ಥರ.

ನಾನಂತೂ ಆರ್‌ಸಿ ಇರೋ 2029ರವರೆಗೆ ಇದನ್ನ ಕೊಡಲ್ಲ. ಯಾರ ಹತ್ರನಾದ್ರೂ ಸೀಳಿಲ್ದೆ ಇರೋ ಎಡಗಡೆ ಟೈಲ್ ಲ್ಯಾಂಪ್ ಇದ್ರೆ ಹೇಳಿ, ಬಂದು ತಗೊಂಡು ಹೋಗ್ತೀನಿ.