ಅತ್ತೆಯ ಮಂಡಿ ನೋವಿಗೆ ಸಿಕ್ಕ ಒಳ್ಳೆಯ ಫಿಸಿಯೋಥೆರಪಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ ಹತ್ತಿರ ಇರುವ ಸಣ್ಣ ಫಿಸಿಯೋಥೆರಪಿ ಕ್ಲಿನಿಕ್ ಇದು. ನಮ್ಮತ್ತೆಗೆ 74 ವರ್ಷ, ಎರಡೂ ಮಂಡಿ ಸವೆದಿವೆ. ನೋವು ಹೇಗಿದೆ ಅಂತ ಯಾರು ಕೇಳಿದರೂ "ವಯಸ್ಸಾಯ್ತಲ್ಲಮ್ಮ, ಇರುತ್ತೆ" ಅಂತಾರೆ.

ಇಲ್ಲಿನ ಫಿಸಿಯೋ ಅಷ್ಟಕ್ಕೇ ಬಿಡಲಿಲ್ಲ. ಸೊನ್ನೆಯಿಂದ 10ರವರೆಗೆ ಅಂಕ ಕೊಡಿ ಅಂದರು. ಕೂತಾಗ ಎಷ್ಟು? ಮೆಟ್ಟಿಲು ಇಳಿಯುವಾಗ? ರಾತ್ರಿ ಮಗ್ಗುಲು ಬದಲಿಸುವಾಗ? ಕೂತಾಗ 2 ಅಂದ ಅತ್ತೆ ಮೆಟ್ಟಿಲಿಗೆ 8 ಅಂದರು. ನನಗೆ ಕರುಳು ಚುರುಕ್ ಅಂದಿತು. ಆಮೇಲೆ ಕೈ ಊರದೆ 30 ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಏಳುತ್ತಾರೆ ಅಂತ ಎಣಿಸಿದರು. ಎಲ್ಲವನ್ನೂ ಬರೆದಿಟ್ಟು, ಕೆಲವು ವಾರದ ಮೇಲೆ ಮತ್ತೆ ನೋಡುತ್ತಾರೆ. ಮೆಟ್ಟಿಲಿನ ನೋವು ಈಗ 5ಕ್ಕೆ ಇಳಿದಿದೆ.

ಸುಮ್ನೆ ಮಷಿನ್ ಇಟ್ಟು ಕಳಿಸುವುದಿಲ್ಲ. ಹೆಚ್ಚು ಸಮಯ ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮಕ್ಕೇ ಹೋಗುತ್ತದೆ. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಕಾಲನ್ನು ನೇರವಾಗಿ ಎತ್ತುವುದು, ಹೀಗೆ. ಜಾಸ್ತಿ ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲು ಹಿಡಿಯಬೇಕಂತೆ, ಅದನ್ನೂ ನಡೆಸಿ ತೋರಿಸಿದರು. ಮೆಡಿಕಲ್ ಶಾಪಿನ ನೋವಿನ ಮಾತ್ರೆ ದಿನಾ ನುಂಗಿದರೆ ಈ ವಯಸ್ಸಿನಲ್ಲಿ ಹೊಟ್ಟೆಗೂ ಕಿಡ್ನಿಗೂ ತೊಂದರೆ, ಹಚ್ಚುವ ಜೆಲ್ ಆಗುತ್ತಾ ಅಂತ ಡಾಕ್ಟರನ್ನು ಕೇಳಿ ಅಂದರು.

ಒಂದು ಕೊರತೆ ಇದೆ. ಬಾಗಿಲಲ್ಲಿ ಮೂರು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇಲ್ಲ. ಮಂಡಿ ನೋವಿನವರೇ ಬರುವ ಜಾಗ ಅಲ್ವಾ, ಬೇಗ ಹಾಕಿಸಬೇಕು. ಸಂಜೆ ರಶ್ ಇರುತ್ತದೆ, ಹಿರಿಯರನ್ನು ಬೆಳಿಗ್ಗೆಯೇ ಕರೆದುಕೊಂಡು ಹೋಗಿ.