ಮನೆಯಲ್ಲಿ ಕಟ್ಟಿದ ಡ್ರೋನ್‌ಗೆ ಸಿಮ್ಯುಲೇಟರ್: ನನ್ನ ಓಟು ಗೆಜೆಬೊಗೆ

ಪುಣೆಯಲ್ಲಿ ಡ್ರೋನ್ ಕಟ್ಟುವುದು ಸುಲಭ, ಹಾರಿಸುವುದು ಕಷ್ಟ. ವೈರು, ಕನೆಕ್ಟರು ಬುಧವಾರ ಪೇಟೆಯಲ್ಲೇ ಸಿಗುತ್ತವೆ. ಆದರೆ ಒಂದು ಕಡೆ ಲೋಹಗಾಂವ್ ವಾಯುನೆಲೆ, ಇನ್ನೊಂದು ಕಡೆ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್‌ಡಿಎ). ಎಲ್ಲಿ ಡ್ರೋನ್ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಮೇಲೇರಿಸುವ ಹಾಗಿಲ್ಲ. ಜೂನ್‌ನಿಂದ ಮಳೆ ಬೇರೆ. ಹಾಗಾಗಿ ಕಂಪ್ಯೂಟರಿನಲ್ಲೇ ಡ್ರೋನ್ ಹಾರಿಸಿ ನೋಡುವ ಸಿಮ್ಯುಲೇಟರ್‌ಗಳಾದ ಗೆಜೆಬೊ, ವೆಬಾಟ್ಸ್, ಏರ್‌ಸಿಮ್ ಮೂರನ್ನೂ ಹಾಕಿ ನೋಡಿದೆ. ಇಲ್ಲಿನ ಕನ್ನಡದ ಗೆಳೆಯರು ಕೇಳಿದರೆ ಗೆಜೆಬೊ ಅಂತಲೇ ಹೇಳುತ್ತೇನೆ.

ಏರ್‌ಸಿಮ್‌ನ ಚಿತ್ರ ತುಂಬಾ ಚೆಂದ. ವಿಡಿಯೋ ಗೇಮ್ ಮಾಡುವ ಅನ್‌ರಿಯಲ್ ಎಂಜಿನ್ ಅಲ್ವಾ! ಆದರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಲ್ಯಾಪ್‌ಟಾಪ್‌ಗೆ ಅದು ಭಾರ. ಮೈಕ್ರೋಸಾಫ್ಟ್ 2022ರಲ್ಲೇ ಅದರ ಕೆಲಸ ನಿಲ್ಲಿಸುವುದಾಗಿ ಹೇಳಿದೆ.

ಯಾವ ಸಿಮ್ಯುಲೇಟರ್ ಆದರೂ ನಿಜವಾದ ತಲೆನೋವು ಇನರ್ಷಿಯಾ, ಅಂದರೆ ತಿರುಗಿಸಲು ಹೋದಾಗ ಡ್ರೋನ್ ಒಡ್ಡುವ ಜಡತ್ವ. ಫ್ರೇಮ್ ಎಷ್ಟು ಬೇಗ ತಿರುಗುತ್ತದೆ ಅನ್ನುವುದನ್ನು ತೀರ್ಮಾನಿಸುವುದೇ ಇದು. ಪಿಎಕ್ಸ್4 ಅನ್ನುವ ಹಾರಾಟ ನಿಯಂತ್ರಣದ ಸಾಫ್ಟ್‌ವೇರ್ ಬಳಸುವವರಿಗೆ ಗೊತ್ತಿರುವ ಹಳೆಯ ಐರಿಸ್ ಮಾದರಿ 1.5 ಕೆಜಿ, ಅದರ ರೋಲ್ (ಪಕ್ಕಕ್ಕೆ ವಾಲುವ) ಇನರ್ಷಿಯಾ ಸುಮಾರು 0.029 ಕೆಜಿ-ಮೀಟರ್ ವರ್ಗ. ನನ್ನ ಫ್ರೇಮ್‌ಗೆ ಬಂದದ್ದು ಅದರ ಅರ್ಧದಷ್ಟು. ಐರಿಸ್‌ನ ಸಂಖ್ಯೆ ಇಟ್ಟುಕೊಂಡು ಪಿಐಡಿ (ಡ್ರೋನನ್ನು ಸಮತೋಲನದಲ್ಲಿಡುವ ನಿಯಂತ್ರಣದ ಲೆಕ್ಕ) ಹೊಂದಿಸಿದರೆ, ನಿಜದ ಡ್ರೋನ್ ಗಾಳಿಯಲ್ಲಿ ನಡುಗುತ್ತದೆ. ವಿನ್ಯಾಸ ಬರೆಯುವ ಕ್ಯಾಡ್ ಸಾಫ್ಟ್‌ವೇರ್ ಕೊಡುವ ಸಂಖ್ಯೆ ಗ್ರಾಂ, ಮಿಲಿಮೀಟರ್‌ನಲ್ಲಿದ್ದರೆ ಅದನ್ನು ನೂರು ಕೋಟಿಯಿಂದ ಭಾಗಿಸಬೇಕು. ಬ್ಯಾಟರಿ, ವೈರಿನ ತೂಕ ಅದರಲ್ಲಿ ಸರಿಯಾಗಿ ಸೇರಿರುವುದೂ ಇಲ್ಲ.

ಅದಕ್ಕೇ ನಾನು ಅಳೆದೇ ಹಾಕುತ್ತೇನೆ. ಅಳೆಯಬೇಕಾದ ಅಕ್ಷ ನೆಟ್ಟಗೆ ನಿಲ್ಲುವ ಹಾಗೆ ಡ್ರೋನನ್ನು ಎರಡು ಸಮಾನಾಂತರ ದಾರಗಳಿಂದ ತೂಗುಹಾಕಿ. ದಾರದ ಎಡೆ ಅಕ್ಷದ ಎರಡೂ ಕಡೆ ಸಮ ಇರಲಿ. ಸ್ವಲ್ಪ ತಿರುಚಿ ಬಿಡಿ. ಆ ಕಡೆ, ಈ ಕಡೆ ಒಮ್ಮೆ ಪೂರ್ತಿ ತಿರುಗಿ ಮೊದಲಿನ ಜಾಗಕ್ಕೆ ಬರುವ ಸಮಯವನ್ನು ಹಲವು ಸಲ ನೋಡಿ ಸರಾಸರಿ ತೆಗೆಯಿರಿ. ಕೆಜಿ, ಮೀಟರ್, ಸೆಕೆಂಡಿನಲ್ಲೇ ಲೆಕ್ಕ ಇಟ್ಟು, ತೂಕ, ಗುರುತ್ವದ 9.8, ದಾರಗಳ ನಡುವಿನ ಅಂತರದ ವರ್ಗ, ಸಮಯದ ವರ್ಗ ಇವನ್ನು ಗುಣಿಸಿ. ಅದನ್ನು 16 ಪೈ ವರ್ಗ ಮತ್ತು ದಾರದ ಉದ್ದದ ಗುಣಲಬ್ಧದಿಂದ ಭಾಗಿಸಿ. ಫ್ಯಾನಿನ ಕೊಕ್ಕೆ, ಸ್ಟಾಪ್‌ವಾಚ್ ಸಾಕು. ಮೂರು ಅಕ್ಷಕ್ಕೂ ಮೂರು ಸಲ ತೂಗುಹಾಕಬೇಕು, ಅಷ್ಟೇ.

ಈ ಸಂಖ್ಯೆಯನ್ನು ಗೆಜೆಬೊದಲ್ಲಿ ಡ್ರೋನ್ ಮಾದರಿಯ ವಿವರ ಇರುವ ಒಂದು ಎಸ್‌ಡಿಎಫ್ ಫೈಲಿಗೆ ಬರೆದರೆ ಮುಗಿಯಿತು. ಏರ್‌ಸಿಮ್‌ನಲ್ಲಿ ಸಿ++ ಕೋಡ್ ತಿದ್ದಿ ಮತ್ತೆ ಕಂಪೈಲ್ ಮಾಡಬೇಕು. ವೆಬಾಟ್ಸ್‌ನಲ್ಲೂ ಬರೆಯಬಹುದು. ಸುಮ್ನೆ ಬಿಟ್ಟರೆ ಅದು ಹೊರ ಆಕಾರ ನೋಡಿ ತಾನೇ ಲೆಕ್ಕ ಹಾಕುತ್ತದೆ. ಆದರೆ ಕ್ವಾಡ್‌ನಲ್ಲಿ (ನಾಲ್ಕು ರೆಕ್ಕೆಯ ಡ್ರೋನ್) ತೂಕ ತೋಳಿನ ತುದಿಯ ಮೋಟರ್‌ಗಳಲ್ಲಿ ಜಾಸ್ತಿ, ಹಾಗಾಗಿ ಆ ಲೆಕ್ಕ ಹೊಂದುವುದಿಲ್ಲ.

ವೆಬಾಟ್ಸ್ ಕೆಟ್ಟದ್ದಲ್ಲ. ಇನ್‌ಸ್ಟಾಲ್ ಸುಲಭ, ಪ್ರೊಪೆಲ್ಲರ್ ನೋಡ್ ಸೊಗಸಾಗಿದೆ. ಪಿಎಕ್ಸ್4 ಥರದ್ದೇ ಇನ್ನೊಂದು ಸಾಫ್ಟ್‌ವೇರ್ ಆದ ಆರ್ಡುಪೈಲಟ್ ಬಳಸುವವರು ನೋಡಬಹುದು.

ಗೆಜೆಬೊದಲ್ಲಿ ಒಂದು ಎಚ್ಚರ: ಹಳೆಯ ಕ್ಲಾಸಿಕ್ ಆವೃತ್ತಿಯ ಬೆಂಬಲ ಜನವರಿ 2025ಕ್ಕೆ ಮುಗಿದಿದೆ, ಅದರ ಪಾಠಗಳನ್ನು ನಂಬಬೇಡಿ. ಹೊಸ ಗೆಜೆಬೊದ ಹಾರ್ಮೊನಿಕ್ ಆವೃತ್ತಿ ಹಾಕಿಕೊಳ್ಳಿ. ಉಬುಂಟು ಗೊತ್ತಿದ್ದು, ಬೋರ್ಡಿನಲ್ಲಿ ಪಿಎಕ್ಸ್4 ಇದ್ದು, ಹೊಸ ಲ್ಯಾಪ್‌ಟಾಪ್‌ಗೆ ದುಡ್ಡು ಹಾಕುವ ಮನಸ್ಸಿಲ್ಲದಿದ್ದರೆ ಗೆಜೆಬೊನೇ ಸರಿ. ಕ್ಯಾಮೆರಾ ಚಿತ್ರವೇ ಮುಖ್ಯ ಅನ್ನುವವರು ಮಾತ್ರ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಖರ್ಚು ಮಾಡಲಿ.